ಒಂದೇ ಹೆಸರಿನ ಎರಡು ಫೈಲು

ನಮ್ಮ ಊರಿನಲ್ಲಿ ಐವತ್ತು ದಾಟಿದ ಮೇಲೆ ಯಾವತ್ತಾದರೂ ಒಂದು ಬೆಳಿಗ್ಗೆ ದನಿ ನಿಂತುಬಿಡುತ್ತದೆ. ಕೆಲವರಿಗೆ ಐವತ್ತೊಂದಕ್ಕೇ, ಕೆಲವರಿಗೆ ಅರವತ್ತರ ಹತ್ತಿರ. ಎದ್ದು ಕಾಫಿ ಕೇಳಲು ಬಾಯಿ ತೆರೆದರೆ ಉಸಿರು ಬರುತ್ತದೆ, ಮಾತು ಬರುವುದಿಲ್ಲ. ಮನೆಯವರು ಅದಕ್ಕೆ ಅಳುವುದಿಲ್ಲ. ಎಣ್ಣೆನೀರು ಹಾಕಿ, ಹೊಸ ಬಟ್ಟೆ ಕೊಟ್ಟು, ಪಾಯಸ ಮಾಡುತ್ತಾರೆ. ನಮ್ಮಲ್ಲಿ ದನಿ ನಿಂತವರೇ ಹಿರಿಯರು. ಮನೆ ಮಾರುವುದು, ಮದುವೆ ಮಾಡುವುದು, ಮುರಿಯುವುದು, ಎಲ್ಲಕ್ಕೂ ಅವರ ಮಾತೇ ಮಾತು. ಗಂಟಲಲ್ಲಿ ಇನ್ನೂ ದನಿ ಇರುವವರು ಎಷ್ಟು ಕೂಗಿದರೂ ಅದು ಮಕ್ಕಳ ಕೂಗು.

ದನಿ ಇರುವಾಗಲೇ ಎಲ್ಲರೂ ಬಸ್‌ಸ್ಟ್ಯಾಂಡಿನ ಹಿಂದಿರುವ ರೆಕಾರ್ಡಿಂಗ್ ಮನೆಗೆ ಹೋಗಿ, ಪುಟಗಟ್ಟಲೆ ಓದಿ ಬರುತ್ತಾರೆ. ಆ ದನಿಯಿಂದ ಒಂದು ಪ್ರೋಗ್ರಾಂ ತಯಾರಾಗುತ್ತದೆ. ಪುರಸಭೆಯವರು ಮನೆಗೊಂದು ಕಂಪ್ಯೂಟರ್ ಕೊಡುತ್ತಾರೆ, ಪ್ರೋಗ್ರಾಂ ಅದರಲ್ಲಿರುತ್ತದೆ. ಹಿರಿಯರ ಕೊರಳಲ್ಲೊಂದು ಸಣ್ಣ ಸ್ಪೀಕರ್ ಪೆಟ್ಟಿಗೆ, ಕೈಯಲ್ಲೊಂದು ಪುಟ್ಟ ಕೀಬೋರ್ಡ್. ಊರೊಳಗೆ ಎಲ್ಲಿದ್ದರೂ ಒತ್ತಿದ ಮಾತು ಮನೆಯ ಕಂಪ್ಯೂಟರಿಗೆ ಹೋಗಿ ಅವರದೇ ದನಿಯಲ್ಲಿ ಹೊರಗೆ ಬರುತ್ತದೆ. ಒಂದು ಮನೆಗೆ ಒಂದೇ ಕಂಪ್ಯೂಟರ್, ಒಬ್ಬರ ದನಿ ಎರಡು ಕಡೆ ಇರಕೂಡದು ಅನ್ನುವುದು ಕಾನೂನು. ಹಿಂದೆ ಯಾರೋ ಸತ್ತವರ ದನಿಯಲ್ಲಿ ಸೈಟು ಮಾರಿದ್ದರಂತೆ. ಇನ್ನೊಂದು ರೂಢಿಯೂ ಇದೆ. ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಇಬ್ಬರೂ ಒಪ್ಪಬೇಕು. ಮೂರು ಸಲ ಕೇಳಿದರೂ ಕೊರಳಿನ ಪೆಟ್ಟಿಗೆ ಸುಮ್ಮನಿದ್ದರೆ ಒಪ್ಪಿದಂತೆ. ಬರೆದು ತೋರಿಸಿದ್ದು ಲೆಕ್ಕಕ್ಕಿಲ್ಲ.

ಈ ಪ್ರೋಗ್ರಾಂಗಳನ್ನು ಹಾಕಿಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಎಣ್ಣೆ ಗಾಣದ ಎದುರಿಗೆ ನನ್ನ ಅಂಗಡಿ. ದಾಕ್ಷಾಯಣಮ್ಮನವರ ದನಿಯನ್ನು ಕಂಪ್ಯೂಟರಿಗೆ ಹಾಕಿದ್ದೂ ನಾನೇ, ಈ ಕೆಲಸಕ್ಕೆ ಬಂದ ಹೊಸದರಲ್ಲಿ.

ದಾಕ್ಷಾಯಣಮ್ಮನವರದು ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ. ಅಂಗಡಿ ಗಂಡ ಹಾಲಸ್ವಾಮಿಯವರ ಹೆಸರಿನಲ್ಲಿದ್ದರೂ ಸೀರೆ ಮಾರುತ್ತಿದ್ದದ್ದು ಆಕೆಯ ಮಾತು. ಸುಮ್ಮನೆ ನೋಡಿ ಹೋಗಲು ಬಂದವರು ಎರಡು ಕಟ್ಟಿಸಿಕೊಂಡು ಹೋಗುತ್ತಿದ್ದರು. ಆಕೆಗೆ ಐವತ್ತೆರಡಕ್ಕೇ ದನಿ ನಿಂತಿತು. ಗಂಡ ವಯಸ್ಸಿನಲ್ಲಿ ದೊಡ್ಡವರು, ಆದರೂ ಅವರ ಗಂಟಲು ಗಟ್ಟಿಯಾಗಿಯೇ ಉಳಿಯಿತು. ಹೀಗಾಗಿ ಎಷ್ಟೋ ವರ್ಷ ಆ ಮನೆಗೆ ಆಕೆಯೊಬ್ಬರೇ ಹಿರಿಯರು. ಹಾಲಸ್ವಾಮಿ ಹಜಾರದಲ್ಲಿ ಎಷ್ಟು ಜೋರಾಗಿ ಮಾತಾಡಿದರೂ ಬಂದವರು ಕೊನೆಗೆ, "ಅಮ್ಮನೋರು ಏನಂತಾರೆ?" ಅನ್ನುತ್ತಿದ್ದರು. ಅವರು ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ಗಂಟಲು ಪರೀಕ್ಷೆ ಮಾಡಿಕೊಳ್ಳುತ್ತಾರೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ದನಿ ಹೋಗಿಲ್ಲವಲ್ಲ ಎಂದು ಬೇಜಾರಾಗುವ ಮನುಷ್ಯರನ್ನು ನಮ್ಮೂರಿನಲ್ಲಿ ಮಾತ್ರ ನೋಡಬಹುದು.

ಅವರ ಮಗಳು ಮಹಾನಂದಾ ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ವಾಪಸು ಬಂದದ್ದು ಆಗಲೇ. ಅವಳ ಎಡಗೈ ಮೊಣಕೈಯ ಹತ್ತಿರ ಸರಿಯಾಗಿ ಮಡಚುತ್ತಿರಲಿಲ್ಲ. ಹೇಗಾಯಿತು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಹಾಲಸ್ವಾಮಿ, "ಎರಡು ದಿನ ಇದ್ದು ಹೋಗಲಿ," ಅಂದರು. ದಾಕ್ಷಾಯಣಮ್ಮ ಕೀಬೋರ್ಡ್ ಎತ್ತಿಕೊಂಡು ಒತ್ತಿದರು. "ಅವಳು ಹೋಗಲ್ಲ," ಅಂದಿತು ಆಕೆಯ ಹಳೆಯ, ಸೀರೆ ಮಾರುವ ದನಿ. ಅಲ್ಲಿಗೆ ಮಾತು ಮುಗಿಯಿತು.

ಅದಾಗಿ ಸ್ವಲ್ಪ ದಿನಕ್ಕೆ ಹಾಲಸ್ವಾಮಿಯವರ ದನಿ ನಿಂತಿತು. ಮನೆಯಲ್ಲಿ ಪಾಯಸವಾಯಿತು. ನಾನು ಅವರ ಪ್ರೋಗ್ರಾಂ ತೆಗೆದುಕೊಂಡು ಹೋದೆ. ಹಳೆಯ ಕಂಪನಿ ಮುಚ್ಚಿ ಹೋಗಿ ಈಗ ಬೇರೆ ಕಂಪನಿ ಬಂದಿತ್ತು, ಹೊಸ ಪ್ರೋಗ್ರಾಂ ಚೆನ್ನಾಗಿಯೂ ಇತ್ತು. ಇನ್‌ಸ್ಟಾಲ್ ಮಾಡುವಾಗ, ಈ ಹೆಸರಿನ ಫೈಲು ಈಗಾಗಲೇ ಇದೆ, ಹೊಸದನ್ನು ಅದರ ಮೇಲೆ ಹಾಕಲೇ ಎಂದು ಕೇಳಿತು. ಬೇಡವೆಂದರೆ ಮುಂದಕ್ಕೇ ಹೋಗುತ್ತಿರಲಿಲ್ಲ. ಹಾಕು ಎಂದೆ. ಹಾಲಸ್ವಾಮಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. "ಎಲ್ಲಾರೂ ಬನ್ರಿ ಇಲ್ಲಿ," ಅಂದಿತು ಪೆಟ್ಟಿಗೆ. ಮಗ ಪ್ರಭುಲಿಂಗ ಚಪ್ಪಾಳೆ ತಟ್ಟಿದ. ದಾಕ್ಷಾಯಣಮ್ಮನೂ ನಕ್ಕು ಏನೋ ಒತ್ತಿದರು. ಅವರ ಪೆಟ್ಟಿಗೆಯಿಂದ ಟಕ್ ಎಂಬ ಸದ್ದು ಬಂತು, ಅಷ್ಟೇ.

ಇದು ಏನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಕೆಲವು ಫೈಲುಗಳನ್ನು ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುತ್ತವೆ. ಅವಕ್ಕೆ ಲೈಬ್ರರಿ ಫೈಲು ಎನ್ನುತ್ತೇವೆ. ವಠಾರದ ಎಲ್ಲ ಮನೆಗಳಿಗೂ ಹಿತ್ತಿಲಲ್ಲಿ ಒಂದೇ ರುಬ್ಬುವ ಕಲ್ಲು ಇದ್ದ ಹಾಗೆ. ಹೊಸದಾಗಿ ಬಾಡಿಗೆಗೆ ಬಂದವರು ಆ ಕಲ್ಲನ್ನು ಎತ್ತಿ ಆಚೆಗಿಟ್ಟು ತಮಗೆ ಹೊಂದುವ ಕಲ್ಲನ್ನು ಅದೇ ಜಾಗದಲ್ಲಿ ಹೂಳಿದರೆ, ಹಳಬರ ಗುಂಡು ಅದರೊಳಗೆ ಕೂರುವುದಿಲ್ಲ. ಗಂಡ ಹೆಂಡತಿಯ ಎರಡೂ ಪ್ರೋಗ್ರಾಂ ಒಂದೇ ಹೆಸರಿನ ಫೈಲನ್ನು ಕೇಳುತ್ತಿದ್ದವು. ಆಕೆಯದಕ್ಕೆ ಹಳೆಯದು ಬೇಕು, ಅವರದಕ್ಕೆ ಹೊಸದು. ಹಳೆಯದನ್ನು ತಿರುಗಿ ಹಾಕಿದೆ. ದಾಕ್ಷಾಯಣಮ್ಮ ಮಾತಾಡಿದರು, ಹಾಲಸ್ವಾಮಿಯವರ ಪೆಟ್ಟಿಗೆ ಟಕ್ ಅಂದಿತು.

"ಸದ್ಯಕ್ಕೆ ಒಬ್ಬರಾದ ಮೇಲೆ ಒಬ್ಬರು ಮಾತಾಡಬಹುದು," ಅಂದೆ. "ನಾನು ಇದಕ್ಕೆ ದಾರಿ ಹುಡುಕ್ತೀನಿ. ಸ್ವಲ್ಪ ಟೈಮ್ ಕೊಡಿ."

ಪ್ರಭುಲಿಂಗ ನನ್ನ ಪಕ್ಕದಲ್ಲೇ ನಿಂತಿದ್ದ. ಯಾವ ಫೈಲನ್ನು ತೆಗೆದು ಯಾವುದನ್ನು ಇಡಬೇಕು ಎಂದು ನೋಡಿಕೊಂಡ. ಬುದ್ಧಿವಂತ, ಒಂದೇ ಸಲಕ್ಕೆ ಕಲಿತ. "ಇದಕ್ಕೆಲ್ಲ ನೀವು ಪದೇಪದೇ ಬರೋದ್ ಬೇಡ ಸುಧಕ್ಕ, ನಾನೇ ಬದಲಾಯಿಸ್ತೀನಿ," ಅಂದ.

ಮೊದಮೊದಲು ಹಗಲು ಅಪ್ಪನ ಸರದಿ, ಸಂಜೆ ಅಮ್ಮನ ಸರದಿ ಎಂದು ಮಾಡಿಕೊಂಡಿದ್ದರು. ಆಮೇಲೆ ಸಂಜೆ ಅಂಗಡಿಗೆ ವ್ಯಾಪಾರಿಗಳು ಬರುತ್ತಾರೆಂದು ಅಪ್ಪನ ಸರದಿ ಸಂಜೆಗೂ ಬೆಳೆಯಿತು. ಹಬ್ಬದ ದಿನ ನೆಂಟರೊಂದಿಗೆ ಮಾತಾಡಬೇಕೆಂದು ಹಬ್ಬವೂ ಅವರದೇ ಆಯಿತು. ದಾಕ್ಷಾಯಣಮ್ಮ ಒಂದು ದಿನ ಪೇಟೆಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು ತಮ್ಮ ಪೆಟ್ಟಿಗೆಯನ್ನು ತೋರಿಸಿ, ಕೀಬೋರ್ಡ್ ಒತ್ತಿದರು. ಟಕ್. ಮತ್ತೆ ಒತ್ತಿದರು. ಟಕ್. ನಾನು, "ಮಾಡ್ತಾ ಇದೀನಮ್ಮ," ಅಂದೆ. ಆಕೆ ಕೈ ಬಿಡಲಿಲ್ಲ. ಮಗಳ ವಿಷಯ ಎಂದು ನನಗೆ ಅರ್ಥವಾಯಿತು. ಬೀಗರ ಕಡೆಯಿಂದ ಜನ ಹೋಗಿಬಂದು ಮಾಡುತ್ತಿದ್ದಾರೆಂಬ ಸುದ್ದಿ ನನ್ನ ಅಂಗಡಿಗೂ ಬಂದಿತ್ತು.

ನಾನು ಆ ಕೆಲಸ ಬಿಟ್ಟು ಬೇರೆ ಕೆಲಸ ಮುಟ್ಟಲಿಲ್ಲ. ಎರಡನ್ನೂ ತೆಗೆದು, ಹೊಸದನ್ನು ಮೊದಲು, ಹಳೆಯದನ್ನು ಆಮೇಲೆ ಹಾಕಿ ನೋಡಿದೆ. ಆಗಲಿಲ್ಲ. ಹಳೆಯ ಫೈಲಿನ ಹೆಸರು ಬದಲಾಯಿಸಿದೆ. ಪ್ರೋಗ್ರಾಂಗೆ ಆ ಹೊಸ ಹೆಸರು ಗೊತ್ತಿಲ್ಲದೆ ಅದು ತೆರೆಯಲೇ ಇಲ್ಲ. ಅವರ ಮನೆಯ ಕಂಪ್ಯೂಟರಿನಲ್ಲೇ ಒಂದು ಪ್ರಯತ್ನ ಮಾಡಲು ಹೋಗಿ ಇಬ್ಬರ ದನಿಯನ್ನೂ ನಿಲ್ಲಿಸಿಬಿಟ್ಟೆ. ಹಾಲಸ್ವಾಮಿ ಇಡೀ ದಿನ ಹಜಾರದಲ್ಲಿ ಅತ್ತಿಂದಿತ್ತ ತಿರುಗಾಡಿದರು. ಅದಾದ ಮೇಲೆ ಪ್ರಭುಲಿಂಗ ನನ್ನನ್ನು ಕಂಡರೆ ಕಂಪ್ಯೂಟರಿಗೆ ಅಡ್ಡವಾಗಿ ನಿಲ್ಲತೊಡಗಿದ.

ಸುಲಭದ ದಾರಿ ಇತ್ತು. ಆಕೆಯ ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಹಳೆಯ ಫೈಲನ್ನು ಇಟ್ಟು, ಹೊರಗೆ ಹುಡುಕಬೇಡ, ನಿನ್ನ ಮನೆಯಲ್ಲಿರುವುದನ್ನೇ ಬಳಸು ಎಂದು ಒಂದು ಚೀಟಿಯಂಥ ಫೈಲನ್ನು ಪಕ್ಕದಲ್ಲಿಡುವುದು. ಅದನ್ನೂ ಮಾಡಿದ್ದೆ, ಫಲಿಸಿರಲಿಲ್ಲ. ಯಾಕೆಂದು ತಿಳಿಯದೆ ಒದ್ದಾಡಿದೆ. ಕೊನೆಗೆ ಯಾವ ಫೈಲು ಯಾವುದರ ಮೇಲೆ ನಿಂತಿದೆ ಎಂದು ಬಿಡಿಸಿ ತೋರಿಸುವ ಸಾಧನದಲ್ಲಿ ಇಟ್ಟು ನೋಡಿದಾಗ ಗೊತ್ತಾಯಿತು. ಆ ಹಳೆಯ ಫೈಲೇ ಇನ್ನೊಂದು ಫೈಲನ್ನು ಕರೆಯುತ್ತಿತ್ತು, ಆ ಇನ್ನೊಂದನ್ನೂ ಹೊಸ ಕಂಪನಿಯವರು ಬದಲಾಯಿಸಿದ್ದರು. ಎರಡರ ಹಳೆಯ ಪ್ರತಿಯನ್ನೂ ಒಟ್ಟಿಗೆ ಇಟ್ಟೆ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಮಾದರಿ ದನಿಗಳು ಒಂದರ ಹಿಂದೊಂದು ಮಾತಾಡಿದವು. ನಾನು ಅಂಗಡಿಯ ಬಾಗಿಲು ಎಳೆದುಕೊಂಡು, ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಓಡಿದೆ.

ಅವತ್ತೇ ಬೀಗರು ಬರುವ ದಿನವಾಗಿತ್ತು. ಹಜಾರದಲ್ಲಿ ಜಮಖಾನ ಹಾಸಿ, ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿದ್ದರು.

"ಇವತ್ತು ಬೇಡ ಸುಧಕ್ಕ," ಅಂದ ಪ್ರಭುಲಿಂಗ.

"ಹತ್ತು ನಿಮಿಷದ ಕೆಲಸ ಕಣೋ ಪ್ರಭು. ದಾರಿ ಸಿಕ್ಕಿದೆ. ಇಬ್ಬರೂ ಮಾತಾಡಬಹುದು."

"ಹೋದ್ಸಲಾನೂ ಹತ್ತೇ ನಿಮಿಷ ಅಂದಿದ್ರಿ. ಅಪ್ಪಾಜಿ ಇಡೀ ದಿನ ಮೂಕರಾಗಿದ್ರು. ಈಗ ಜನ ಬರೋ ಹೊತ್ತು, ಹಾಳಾದ್ರೆ ಏನ್ ಮಾಡ್ಲಿ?"

"ಹಾಳಾಗಲ್ಲ. ಅವರ ಫೈಲನ್ನ ಮುಟ್ಟೋದೇ ಇಲ್ಲ."

ಹಾಲಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಳಗಿನಿಂದ ಬಂದರು. ಈಗ ಅವರ ಬೆರಳು ಚೆನ್ನಾಗಿ ಪಳಗಿದ್ದವು. "ನಾಳೆ ಮಾಡು ತಾಯಿ. ನಾಳೆ ಎಷ್ಟು ಹೊತ್ತು ಬೇಕಾದ್ರೂ ತಗೋ," ಅಂದಿತು ಪೆಟ್ಟಿಗೆ. "ಈಗ ಇಲ್ಲೇ ಕೂತಿರು. ನಂದು ಮಧ್ಯದಲ್ಲಿ ಕೈಕೊಟ್ರೆ ನೋಡ್ಕೊಳ್ಳೋಕೆ ಒಬ್ರು ಬೇಕು."

ಅಡಿಗೆಮನೆಯ ಬಾಗಿಲಲ್ಲಿ ದಾಕ್ಷಾಯಣಮ್ಮ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ನೇರವಾಗಿ ಬಂದು ನನ್ನ ಮುಷ್ಟಿ ಬಿಡಿಸಿ ಪೆನ್‌ಡ್ರೈವನ್ನು ತೆಗೆದುಕೊಂಡು ಕಂಪ್ಯೂಟರಿನ ಕಡೆಗೆ ಹೊರಟರು. ಅದನ್ನು ಎಲ್ಲಿ ಸಿಕ್ಕಿಸಬೇಕೆಂದು ಆಕೆಗೆ ಗೊತ್ತಿರಲಿಲ್ಲ. ಮಗ ಅಮ್ಮನ ಭುಜ ಹಿಡಿದು, ಮೆತ್ತಗೆ, "ಅಮ್ಮಾ, ಬಾಮ್ಮ, ಜನ ಬಂದ್ರು," ಅಂತ ಹೇಳಿ ಈಚೆಗೆ ಕರೆತಂದ. ಅವನು ಒರಟಾಗಿರಲಿಲ್ಲ. ಒರಟಾಗಿದ್ದರೆ ನಾನು ಏನಾದರೂ ಮಾಡುತ್ತಿದ್ದೆನೋ ಏನೋ.

ಬೀಗರದೂ ನಮ್ಮೂರೇ. ಅವರ ಕಡೆಯಿಂದ ಹುಡುಗನ ದೊಡ್ಡಪ್ಪ ಮರುಳಪ್ಪನವರು ಹಿರಿಯರಾಗಿ ಬಂದಿದ್ದರು. ಅವರ ಪೆಟ್ಟಿಗೆಯಿಂದ ಹಿತವಾದ, ಪುರಾಣ ಓದಿ ಪಳಗಿದ ದನಿ ಬಂತು. ಹುಡುಗ ಕೋಪಿಷ್ಠ ನಿಜ, ಆದರೆ ಕೆಟ್ಟವನಲ್ಲ. ಗಂಡ ಹೆಂಡತಿ ಅಂದ ಮೇಲೆ ಇದ್ದದ್ದೇ. ಹೆಣ್ಣು ಎಷ್ಟು ದಿನ ಅಂತ ತವರಲ್ಲಿರೋದು? ಹಾಲಸ್ವಾಮಿ ತಲೆಯಾಡಿಸುತ್ತಾ ಕೇಳಿ, ನಿಧಾನವಾಗಿ ಒತ್ತಿದರು. "ನಮ್ಮದೇನೂ ತಕರಾರಿಲ್ಲ. ಇವತ್ತೇ ಕರ್ಕೊಂಡು ಹೋಗಿ." ಮಾತು ಹೊರಗೆ ಬಂದಾಗ ಅವರು ತಮ್ಮ ಎದೆಯ ಮೇಲಿದ್ದ ಪೆಟ್ಟಿಗೆಯನ್ನು ಒಮ್ಮೆ ನೋಡಿಕೊಂಡರು. ಇಷ್ಟು ವರ್ಷ ಕಾದ ಮಾತು ಅದು.

"ನಾನು ಹೋಗಲ್ಲ," ಅಂದಳು ಮಹಾನಂದಾ. ಕಿಟಕಿಯ ಹತ್ತಿರ ನಿಂತಿದ್ದಳು. ಅವಳದು ಗಂಟಲಿನ ದನಿ. ಯಾರೂ ಅತ್ತ ತಿರುಗಲಿಲ್ಲ.

"ಅಮ್ಮನೋರು ಏನಂತಾರೆ?" ಎಂದು ಮರುಳಪ್ಪ ರೂಢಿಯಂತೆ ಕೇಳಿದರು.

ದಾಕ್ಷಾಯಣಮ್ಮ ಒತ್ತಿದರು. ಟಕ್.

"ಅಮ್ಮನೋರು ಏನಂತಾರೆ?"

ಆಕೆ ಎರಡೂ ಕೈಯಲ್ಲಿ ಕೀಬೋರ್ಡ್ ಹಿಡಿದು ಒಂದೊಂದು ಅಕ್ಷರವನ್ನೂ ಉಗುರು ಬೆಳ್ಳಗಾಗುವಷ್ಟು ಒತ್ತಿದರು. ಜೋರಾಗಿ ಒತ್ತಿದರೆ ಮಾತು ಬರಬಹುದು ಅನ್ನುವ ಹಾಗೆ. ಟಕ್, ಟಕ್. ನಾನು ಎದ್ದುನಿಂತೆ. "ಸ್ವಾಮಿ, ಅವರದು ಕೆಟ್ಟಿದೆ. ಸರಿ ಮಾಡೋಕೇ ನಾನು ಬಂದಿರೋದು. ಒಂದ್ ಹತ್ತು ನಿಮಿಷ ಕೊಡಿ, ಆಮೇಲೆ ಕೇಳಿ."

ಮರುಳಪ್ಪ ನನ್ನನ್ನು ನೋಡಿ ನಕ್ಕರು. ಕೆಟ್ಟ ನಗುವಲ್ಲ. "ನಿನಗಿನ್ನೂ ದನಿ ಇದೆಯಲ್ಲ ತಾಯಿ. ಕೂತ್ಕೋ," ಅಂದಿತು ಪೆಟ್ಟಿಗೆ.

ದಾಕ್ಷಾಯಣಮ್ಮ ಗೋಡೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಕಿತ್ತು ಹಿಂಬದಿಯಲ್ಲಿ ದೊಡ್ಡದಾಗಿ ಬರೆದು ಮರುಳಪ್ಪನವರ ಮುಖದ ಮುಂದೆ ಹಿಡಿದರು. ಕಳಿಸಲ್ಲ ಎಂದಿತ್ತು. ಅವರು ಕಣ್ಣು ತಗ್ಗಿಸಿಕೊಂಡರು, ಬೇರೆಯವರ ಮನೆಯ ಬಚ್ಚಲ ಬಾಗಿಲು ತೆರೆದಿದ್ದಾಗ ಮಾಡುವ ಹಾಗೆ. ಮೂರನೆಯ ಸಲ ಕೇಳಿದರು. ಪೆಟ್ಟಿಗೆ ಟಕ್ ಅಂದಿತು. ಎಲೆ ಅಡಿಕೆ ಬದಲಾಯಿಸಿದರು.

ಮಹಾನಂದಾ ಅಮ್ಮನ ಕಡೆಗೆ ನೋಡುತ್ತಿದ್ದಳು. ಹೊರಡುವಾಗ ಅವಳು ಅಳಲಿಲ್ಲ, ಬೈಯಲಿಲ್ಲ. ಬ್ಯಾಗನ್ನು ಬಲಗೈಯಲ್ಲಿ ಎತ್ತಿಕೊಂಡು ಅಮ್ಮನನ್ನು ದಾಟಿ ನಡೆದಳು.

ಮರುದಿನ ಬೆಳಿಗ್ಗೆ ಪ್ರಭುಲಿಂಗನೇ ಫೋನು ಮಾಡಿ ಕರೆದ. ಹೋಗಿ ಮಾಡಿಕೊಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ. "ಮಾತಾಡೇ, ಈಗ ಸರಿ ಆಯ್ತಲ್ಲ," ಅಂದಿತು ಹಾಲಸ್ವಾಮಿಯವರ ಪೆಟ್ಟಿಗೆ. ದಾಕ್ಷಾಯಣಮ್ಮ ಕೀಬೋರ್ಡನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಒತ್ತಿದರು. "ತಿಂಡಿ ತಿಂದ್ಕೊಂಡು ಹೋಗು ಸುಧಾ." ದನಿ ಒಂದಿಷ್ಟೂ ಕೆಟ್ಟಿರಲಿಲ್ಲ. ಸೀರೆ ಮಾರುವಾಗಿನ ಹಾಗೇ ಇತ್ತು. ನಾನು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಅಂದಿನಿಂದ ಆಕೆ ಗಂಡನಿಗೆ ಒಂದೇ ಮಾತು ಹೇಳತೊಡಗಿದರು. ಅಂಗಡಿಗೆ ಹೊಸ ಮಾಲು ತರಿಸಬೇಕೆಂದರೆ, "ಒಪ್ಪಲ್ಲ." ಮಾಳಿಗೆಯನ್ನು ಬಾಡಿಗೆಗೆ ಕೊಡೋಣವೆಂದರೆ, "ಒಪ್ಪಲ್ಲ." ಪ್ರಭುಲಿಂಗನಿಗೆ ಹುಡುಗಿ ನೋಡಿ ಬಂದರೆ, "ಒಪ್ಪಲ್ಲ." ಮಗಳನ್ನು ಕರೆದುಕೊಂಡು ಬನ್ನಿ, ಆಮೇಲೆ ಎಲ್ಲದಕ್ಕೂ ಒಪ್ಪುತ್ತೇನೆ ಎಂದು ಒಮ್ಮೆ ಹೇಳಿದ್ದರಂತೆ, ಮತ್ತೆ ಹೇಳಲಿಲ್ಲ. ಮಗಳನ್ನು ಕರೆತರಲು ಹಾಲಸ್ವಾಮಿ ಒಪ್ಪಲಿಲ್ಲ, ಕೊಟ್ಟ ಮಾತು ತಪ್ಪುವುದು ಹೇಗೆ ಎಂದರು. ಮನೆಯಲ್ಲಿ ಎರಡು ದನಿ ಇದ್ದವು, ಒಂದು ಕೆಲಸವೂ ಆಗುತ್ತಿರಲಿಲ್ಲ. ಅಂಗಡಿಯ ಕಪಾಟುಗಳು ಖಾಲಿಯಾದವು. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು.

ಒಂದು ಮಧ್ಯಾಹ್ನ ಹಾಲಸ್ವಾಮಿ ನನ್ನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು, ಗಾಣದ ಸದ್ದು ನಿಲ್ಲಲಿ ಎಂದು ಕಾದು, ಆಮೇಲೆ ಒತ್ತಿದರು. "ಮೊದಲಿನ ಹಾಗೆ ಮಾಡಿಕೊಡು ತಾಯಿ."

"ಮೊದಲಿನ ಹಾಗೆ ಅಂದ್ರೆ?"

"ಒಬ್ಬರೇ ಮಾತಾಡೋ ಹಾಗೆ. ಪ್ರಭು ಎಲ್ಲ ಮಾಡಿ ನೋಡಿದ. ಏನು ತೆಗೆದು ಏನಿಟ್ರೂ ಅವಳ ದನಿ ನಿಲ್ತಾನೇ ಇಲ್ಲ."

ನನಗೆ ನಗು ಬಂತು. "ನಿಲ್ಲಲ್ಲ," ಅಂದೆ. "ಅವರದು ಈಗ ಅವರ ಜಾಗದಲ್ಲೇ ಇದೆ. ನಿಮ್ಮದರ ಹಂಗಿಲ್ಲ. ನೀವು ಮಗಳನ್ನ ಕರ್ಕೊಂಡು ಬನ್ನಿ ಸಾವ್ಕಾರ್ರೇ. ಅದಕ್ಕೆ ನನ್ನ ರಿಪೇರಿ ಬೇಕಾಗಿಲ್ಲ."

ಅವರು ಎದ್ದು ಹೋದರು.

ಕೊನೆಗೆ ಅವರು ಒಪ್ಪಿದ್ದು ಮಗಳ ಮೇಲಿನ ಪ್ರೀತಿಗಲ್ಲ, ಅಂಗಡಿ ಮುಚ್ಚುವ ಭಯಕ್ಕೆ. ಆದರೆ ಆ ಹೊತ್ತಿಗೆ ಮಹಾನಂದಾ ಗಂಡನ ಮನೆಯಲ್ಲಿ ಇರಲಿಲ್ಲ. ಯಾರನ್ನೂ ಕೇಳದೆ ಹೊರಬಿದ್ದು, ಹೊಳೆಯಾಚೆಯ ಊರಿನಲ್ಲಿ ರೂಮು ಮಾಡಿ, ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ದಾಕ್ಷಾಯಣಮ್ಮ ಅಲ್ಲಿಗೆ ಹೋಗಬೇಕೆಂದರು. ಊರು ದಾಟಿದರೆ ಕೊರಳಿನ ಪೆಟ್ಟಿಗೆಗೆ ಮನೆಯ ಕಂಪ್ಯೂಟರ್ ಸಿಗುವುದಿಲ್ಲ. "ನೀನೂ ಬಾ, ಕಂಪ್ಯೂಟರ್ ತಗೊಂಡು ಬಾ. ನನ್ನ ಬಾಯಿಂದಾನೇ ಕರೀಬೇಕು ಅವಳನ್ನ," ಅಂದರು ನನಗೆ. ಹಾಲಸ್ವಾಮಿ ಒಂದು ದಿನದ ಮಟ್ಟಿಗೆ ಬಿಟ್ಟುಕೊಟ್ಟರು. ಆಟೋದಲ್ಲಿ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಆಕೆ ದಾರಿಯುದ್ದಕ್ಕೂ ಅದರ ಮೇಲೆ ಒಂದು ಕೈ ಇಟ್ಟಿದ್ದರು.

ರೂಮಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಮಹಾನಂದಾ ಕರೆಂಟ್ ಒಲೆಯನ್ನು ಕಿತ್ತು ಜಾಗ ಮಾಡಿಕೊಟ್ಟಳು. ಕಂಪ್ಯೂಟರ್ ಶುರುವಾಗುವ ತನಕ ತಾಯಿ ಮಗಳು ಎದುರುಬದುರು ಕೂತಿದ್ದರು.

"ಬಾ ನಂದಾ ಮನೆಗೆ. ಎಲ್ಲಾ ಸರಿಯಾಗಿದೆ. ಈಗ ನನ್ನ ಮಾತಿದೆ," ಅಂದಿತು ಪೆಟ್ಟಿಗೆ.

ಮಹಾನಂದಾ ಗೋಡೆ ನೋಡುತ್ತಾ ಹೇಳಿದಳು. "ಅವತ್ತು ಮೂರು ಸಲ ಕೇಳಿದ್ರು ಅಮ್ಮ."

"ನನ್ನ ದನಿ ಇರ್ಲಿಲ್ಲ ಕಣೇ. ಒತ್ತಿದೆ. ಎಷ್ಟು ಒತ್ತಿದೆ. ನೀನೇ ನೋಡಿದೆಯಲ್ಲ."

"ನೋಡಿದೆ. ನಿನ್ನ ತಪ್ಪಲ್ಲ ಅಂತ ಗೊತ್ತು. ಎಷ್ಟೋ ಸಲ ನನಗೆ ನಾನೇ ಹೇಳ್ಕೊಂಡಿದೀನಿ." ಅವಳು ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಳು. "ಆದ್ರೂ ನನ್ನ ಕಿವೀಗೆ ಬಿದ್ದಿದ್ದು ಅದೇ. ನೀನು ಸುಮ್ನಿದ್ದೆ. ಆ ಮನೇಲಿ ಯಾರ ದನಿ ಯಾವಾಗ ನಿಲ್ಸ್ತಾರೋ, ನಾನು ಬರಲ್ಲ."

ದಾಕ್ಷಾಯಣಮ್ಮ ಒತ್ತತೊಡಗಿದರು. ತುಂಬಾ ಉದ್ದ ಒತ್ತಿದರು. ಆಮೇಲೆ ಒಂದೊಂದೇ ಅಕ್ಷರವನ್ನು ಅಳಿಸಿದರು. ಕೊರಳಿನಿಂದ ಪೆಟ್ಟಿಗೆ ತೆಗೆದು, ಕೀಬೋರ್ಡಿನ ಜೊತೆ ಸುತ್ತಿ ನನ್ನ ಕೈಗೆ ಕೊಟ್ಟರು. ಹೋಗಿ ತಾವೇ ಪ್ಲಗ್ಗು ಕಿತ್ತು, ಒಲೆಯ ವಯರನ್ನು ಅಲ್ಲಿಗೆ ಸಿಕ್ಕಿಸಿ, ಅದರ ಮೇಲೆ ಅನ್ನಕ್ಕೆ ನೀರಿಟ್ಟರು. ನನಗೆ ಬಾಗಿಲ ಕಡೆ ಕೈ ತೋರಿಸಿದರು. ಮಹಾನಂದಾ ಅಕ್ಕಿ ಡಬ್ಬವನ್ನು ಅಮ್ಮನ ಕಡೆಗೆ ತಳ್ಳಿದಳು.

ನಾನೊಬ್ಬಳೇ ವಾಪಸು ಬಂದೆ. ಹಜಾರದಲ್ಲಿ ಕಂಪ್ಯೂಟರನ್ನು ಅದರ ಜಾಗದಲ್ಲಿಟ್ಟು, ವಯರುಗಳನ್ನು ಜೋಡಿಸಿ, ದಾಕ್ಷಾಯಣಮ್ಮನವರ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟೆ. ಆಕೆ ಬರುವುದಿಲ್ಲ ಎಂದು ತಂದೆ ಮಗ ಇಬ್ಬರಿಗೂ ಹೇಳಿದೆ. ಪ್ರಭುಲಿಂಗ ತಲೆ ತಗ್ಗಿಸಿ ಅಂಗಳಕ್ಕೆ ಹೋದ. ಹಾಲಸ್ವಾಮಿ ಅವಸರದಲ್ಲಿ ತಮ್ಮ ಕೀಬೋರ್ಡ್ ಎತ್ತಿಕೊಂಡರು. ಕಂಪ್ಯೂಟರ್ ಪೂರ್ತಿ ಶುರುವಾಗುವ ತನಕ ತಡೆದುಕೊಳ್ಳಲಾಗದೆ ಎರಡು ಮೂರು ಸಲ ಒತ್ತಿದರು. ಆಮೇಲೆ ದನಿ ಬಂತು.

"ನಂದೇನೂ ಕೆಟ್ಟಿಲ್ಲ ತಾನೆ?"

ಇಲ್ಲ ಎಂದೆ.